ಮನೆಯ ಒಂದು ಕೋಣೆಯಲ್ಲಿ ಮೆಟಲ್: ಒಬ್ಬರೇ ಮಾಡುವವರಿಗೆ ಮಾರ್ಗದರ್ಶಿ

ಮೆಟಲ್ ಸಂಗೀತಕ್ಕೆ ಭಾರ ಬರುವುದು ಡಿಸ್ಟಾರ್ಷನ್‌ನಿಂದ, ಅಂದರೆ ಗಿಟಾರಿನ ಸದ್ದನ್ನು ಒರಟಾಗಿಸುವುದರಿಂದ, ಎಂದು ನಾನು ಬಹಳ ಕಾಲ ನಂಬಿದ್ದೆ. ಮನೆಯಲ್ಲಿ ಮೊದಲ ಸಲ ಧ್ವನಿಮುದ್ರಣಕ್ಕೆ ಕುಳಿತಾಗ, ಆ ಒರಟುತನವನ್ನು ಹೆಚ್ಚಿಸುವ ಗೇನ್ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ್ದೆ. ಒಂಟಿಯಾಗಿ ಕೇಳಿದಾಗ ಗೋಡೆಯಂತೆ ನಿಂತಿದ್ದ ಗಿಟಾರ್, ಡ್ರಮ್ ಮತ್ತು ಬೇಸ್ ಜೊತೆಗೂಡಿದ ಕೂಡಲೇ ಮಂಜಿನಂತೆ ಕರಗಿಹೋಯಿತು. ಅನಂತರ ಹಲವು ಹಾಡುಗಳನ್ನು ಮುಗಿಸುತ್ತಾ ಕಂಡುಕೊಂಡದ್ದೇನೆಂದರೆ, ಭಾರ ಹುಟ್ಟುವುದು ಲಯದ ಬಿಗಿಯಿಂದ. ಸ್ವರವು ನಿಲ್ಲಬೇಕಾದ ಜಾಗದಲ್ಲಿ ಖಚಿತವಾಗಿ ನಿಲ್ಲುವುದರಿಂದ. ಕಾಲಿನಿಂದ ಹೊಡೆಯುವ ಕಿಕ್ ಡ್ರಮ್, ಬೇಸ್, ಗಿಟಾರ್ ಮೂರೂ ಒಂದೇ ಕ್ಷಣಕ್ಕೆ ಬೀಳುವುದರಿಂದ. ಈ ಬಿಗಿಯನ್ನು ಸಾಧಿಸಲು ದುಬಾರಿ ಸ್ಟುಡಿಯೋ ಬೇಕಿಲ್ಲ. ಒಂದು ಕಂಪ್ಯೂಟರ್, ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆ ಮತ್ತು ಒಂದೇ ರಿಫ್ಫನ್ನು (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕನ್ನು) ಇಪ್ಪತ್ತು ಸಲ ನುಡಿಸುವ ತಾಳ್ಮೆ ಇದ್ದರೆ ಕೆಲಸ ಸಾಗುತ್ತದೆ.

ಮೆಟಲ್‌ನ ಇತಿಹಾಸವೇ ಇದಕ್ಕೆ ಸಾಕ್ಷಿಯಾಗಿದೆ. ಸ್ವೀಡನ್ನಿನ ಬ್ಯಾಥರಿ ತಂಡ 1984ರಲ್ಲಿ ಹೊರತಂದ ಮೊದಲ ಆಲ್ಬಮ್, ಸ್ಟುಡಿಯೋ ಆಗಿ ಮಾರ್ಪಡಿಸಿದ ಒಂದು ಗ್ಯಾರೇಜಿನಲ್ಲಿ ಮುದ್ರಣಗೊಂಡಿತು. ನಾರ್ವೆಯ ಡಾರ್ಕ್‌ಥ್ರೋನ್ 1994ರಲ್ಲಿ ಬಿಡುಗಡೆ ಮಾಡಿದ ಆಲ್ಬಮ್ಮಿಗೆ ಬಳಕೆಯಾದದ್ದು ಮನೆಯಲ್ಲಿದ್ದ ನಾಲ್ಕು ಟ್ರ್ಯಾಕಿನ, ಅಂದರೆ ನಾಲ್ಕು ಸದ್ದುಗಳನ್ನಷ್ಟೇ ಪ್ರತ್ಯೇಕವಾಗಿ ಹಿಡಿಯುವ, ರೆಕಾರ್ಡರ್. ಇಂದು ನಮ್ಮ ಕಂಪ್ಯೂಟರಿನಲ್ಲಿ ನೂರಾರು ಟ್ರ್ಯಾಕುಗಳಿಗೆ ಜಾಗವಿದೆ. ಆದ್ದರಿಂದ ಸಾಧನಗಳ ಕೊರತೆಯನ್ನು ಕಾರಣವಾಗಿ ಹೇಳಿಕೊಳ್ಳುವಂತಿಲ್ಲ. ಎಲ್ಲವೂ ಸಾಧ್ಯವಿರುವಾಗ ಯಾವುದನ್ನು ಬಿಡಬೇಕು ಎಂಬ ನಿರ್ಧಾರವೇ ಹೆಚ್ಚು ಕಷ್ಟದ್ದು.

ಗಡಿಯನ್ನು ಮೊದಲೇ ಹಾಕಿಕೊಳ್ಳುವುದು

ಒಬ್ಬರೇ ನಡೆಸುವ ಯೋಜನೆಗಳು ಸಾಮಾನ್ಯವಾಗಿ ಸಾಯುವುದು ಅರ್ಧಕ್ಕೆ ನಿಂತ ಹಾಡುಗಳ ರಾಶಿಯ ಕೆಳಗೆ. ಮೊದಲ ಪ್ರಯತ್ನಕ್ಕೆ ಪೂರ್ಣ ಆಲ್ಬಮ್ ಬೇಡ. ನಾಲ್ಕು ಹಾಡುಗಳ, ಒಟ್ಟು ಇಪ್ಪತ್ತು ನಿಮಿಷಗಳ ಒಂದು ಇಪಿ, ಅಂದರೆ ಕಿರು ಆಲ್ಬಮ್, ಸಾಕು. ನಾಲ್ಕಕ್ಕೂ ಒಂದೇ ಶ್ರುತಿ, ಒಂದೇ ಡ್ರಮ್ ಕಿಟ್, ಒಂದೇ ಗಿಟಾರ್ ಟೋನ್ ಎಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹೀಗೆ ಮಾಡಿದರೆ ಮೊದಲ ಹಾಡಿನ ಮಿಕ್ಸಿಂಗಿಗೆ (ಎಲ್ಲ ಟ್ರ್ಯಾಕುಗಳನ್ನು ಹದವಾಗಿ ಬೆರೆಸುವುದಕ್ಕೆ) ಪಟ್ಟ ಶ್ರಮದ ಬಹುಪಾಲು ಉಳಿದ ಮೂರಕ್ಕೂ ಒದಗುತ್ತದೆ, ಕೇಳುಗರಿಗೂ ನಾಲ್ಕು ಹಾಡುಗಳು ಒಂದೇ ಮನೆಯ ಮಕ್ಕಳಂತೆ ಕೇಳಿಸುತ್ತವೆ.

ಹೆಸರನ್ನು ಇಡುವ ಮೊದಲು ಹುಡುಕಿ ನೋಡಿ. 2002ರಿಂದ ನಡೆಯುತ್ತಿರುವ ಎನ್‌ಸೈಕ್ಲೋಪೀಡಿಯಾ ಮೆಟಲಮ್ ಎಂಬ ಜಾಲತಾಣದಲ್ಲಿ ಜಗತ್ತಿನ ಮೆಟಲ್ ತಂಡಗಳ ದೊಡ್ಡ ಪಟ್ಟಿಯಿದೆ. ಇಂಗ್ಲಿಷಿನ ಕತ್ತಲೆ, ಸಾವು, ಬೂದಿಗಳಿಗೆ ಸಂಬಂಧಿಸಿದ ಒಂಟಿ ಪದಗಳನ್ನು ಯಾರಾದರೂ ಈಗಾಗಲೇ ಇಟ್ಟುಕೊಂಡಿರುವ ಸಾಧ್ಯತೆ ಬಹಳ ಹೆಚ್ಚು. ಒಂದೇ ಹೆಸರಿನ ಎರಡು ತಂಡಗಳ ಹಾಡುಗಳು ಸ್ಟ್ರೀಮಿಂಗ್ ಸೇವೆಯಲ್ಲಿ ಒಂದೇ ಪುಟಕ್ಕೆ ಸೇರಿಬಿಟ್ಟರೆ ಬಿಡಿಸಿಕೊಳ್ಳುವುದು ದೊಡ್ಡ ತಲೆನೋವು.

ಉಪಕರಣಗಳು

ಬೇಕಾದವು ಕೆಲವೇ ವಸ್ತುಗಳು: ಗಿಟಾರ್ ನೇರವಾಗಿ ಚುಚ್ಚಲು ಇನ್‌ಸ್ಟ್ರುಮೆಂಟ್ ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ (ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ), ಕಿವಿಯನ್ನು ಮುಚ್ಚುವ ಹೆಡ್‌ಫೋನ್, ಗಾಯನಕ್ಕೆ ಒಂದು ಡೈನಾಮಿಕ್ ಮೈಕ್, ಧ್ವನಿಮುದ್ರಣದ ತಂತ್ರಾಂಶ. ತಂತ್ರಾಂಶಗಳಲ್ಲಿ ರೀಪರ್ ಅನ್ನು 60 ದಿನಗಳ ಕಾಲ ಯಾವ ಕಡಿತವೂ ಇಲ್ಲದೆ ಪರೀಕ್ಷಿಸಬಹುದು. ಆರ್ಡರ್ (Ardour) ಎಂಬುದು ಮುಕ್ತ ತಂತ್ರಾಂಶ. ಯಾವುದನ್ನು ಆರಿಸಿದರೂ ಅದರಲ್ಲೇ ನೆಲೆ ನಿಲ್ಲಿ. ತಂತ್ರಾಂಶ ಬದಲಿಸುವುದರಿಂದ ಹಾಡು ಉತ್ತಮವಾಗುವುದಿಲ್ಲ.

ನಿಜವಾದ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಪೆಟ್ಟಿಗೆಯನ್ನು ಮನೆಯಲ್ಲಿ ಅದಕ್ಕೆ ತಕ್ಕ ಜೋರಿನಲ್ಲಿ ನುಡಿಸುವುದು ಬಹುತೇಕರಿಗೆ ಸಾಧ್ಯವಿಲ್ಲ. ಈಗ ಅದರ ಅಗತ್ಯವೂ ಇಲ್ಲ. ನ್ಯೂರಲ್ ಆಂಪ್ ಮಾಡೆಲರ್‌ನಂತಹ ಉಚಿತ ಪ್ಲಗಿನ್‌ಗಳು, ಅಂದರೆ ಧ್ವನಿಮುದ್ರಣದ ತಂತ್ರಾಂಶದೊಳಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು, ಆಂಪ್ಲಿಫೈಯರಿನ ನಡವಳಿಕೆಯನ್ನು ಬಹಳ ಹತ್ತಿರದಿಂದ ಅನುಕರಿಸುತ್ತವೆ. ಇಲ್ಲಿ ಹೊಸಬರು ಮರೆಯುವ ಒಂದು ಕೊಂಡಿಯೆಂದರೆ ಸ್ಪೀಕರ್ ಪೆಟ್ಟಿಗೆ. ಗಿಟಾರ್ ಸ್ಪೀಕರು ಸುಮಾರು 5 ಕಿಲೋಹರ್ಟ್ಸ್‌ನಿಂದ ಮೇಲಿನ ಸದ್ದನ್ನು ಬಹುಪಾಲು ತಡೆದುಬಿಡುತ್ತದೆ. ಆ ತಡೆಯಿಲ್ಲದ ಡಿಸ್ಟಾರ್ಷನ್ ಕೆರಳಿದ ಜೇನುಗೂಡಿನಂತೆ ಕೇಳಿಸುತ್ತದೆ. ಆದ್ದರಿಂದ ಆಂಪ್ ಪ್ಲಗಿನ್ನಿನ ನಂತರ ಇಂಪಲ್ಸ್ ರೆಸ್ಪಾನ್ಸ್ ಎಂದು ಕರೆಯುವ, ಸ್ಪೀಕರ್ ಮತ್ತು ಮೈಕಿನ ಗುಣವನ್ನು ಹಿಡಿದಿಟ್ಟ ಕಡತವೊಂದನ್ನು ಹಾಕಲೇಬೇಕು. ಇದನ್ನು ಬದಲಿಸಿದಾಗ ಟೋನ್ ಎಷ್ಟು ಬದಲಾಗುತ್ತದೆಂದರೆ, ಆಂಪ್ ಬದಲಿಸುವುದಕ್ಕಿಂತ ಇದರ ಆಯ್ಕೆಗೇ ಹೆಚ್ಚು ಸಮಯ ಕೊಡಬೇಕೆಂದು ನಾನು ಹೇಳುತ್ತೇನೆ.

ಮುದ್ರಣವನ್ನು 48 ಕಿಲೋಹರ್ಟ್ಸ್ (ಸೆಕೆಂಡಿಗೆ 48,000 ಸ್ಯಾಂಪಲ್), 24 ಬಿಟ್‌ನಲ್ಲಿ ಇಟ್ಟುಕೊಳ್ಳಿ. ಅತಿ ಜೋರಾಗಿ ನುಡಿಸಿದಾಗಲೂ ಮೀಟರು ಮೈನಸ್ 10 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಇನ್‌ಪುಟ್ ಹೊಂದಿಸಿ. ನುಡಿಸುವಾಗ ಬಫರ್ (ಕಂಪ್ಯೂಟರ್ ಒಮ್ಮೆಗೆ ಸಂಸ್ಕರಿಸುವ ಸದ್ದಿನ ತುಣುಕು) 128 ಸ್ಯಾಂಪಲ್ ಅಥವಾ ಅದಕ್ಕಿಂತ ಕಡಿಮೆ ಇರಲಿ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಎಂದರೆ ಒಂದು ದಿಕ್ಕಿಗೆ ಸುಮಾರು 2.7 ಮಿಲಿಸೆಕೆಂಡ್ ವಿಳಂಬ. ಇದು ಕೈಗೆ ತೊಡಕಾಗುವುದಿಲ್ಲ. ಮಿಕ್ಸಿಂಗ್ ಸಮಯದಲ್ಲಿ ಅದನ್ನೇ 1024ಕ್ಕೆ ಏರಿಸಿದರೆ ಕಂಪ್ಯೂಟರಿನ ಮೇಲಿನ ಹೊರೆ ಇಳಿಯುತ್ತದೆ.

ಶ್ರುತಿ ಮತ್ತು ತಂತಿ

ಶ್ರುತಿಯನ್ನು ಇಳಿಸಿದಷ್ಟೂ ಭಾರ ಹೆಚ್ಚುತ್ತದೆ ಎಂಬುದು ಅರ್ಧ ಸತ್ಯ. ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ಅತಿ ದಪ್ಪ ತಂತಿ 82.4 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಆ ತಂತಿಯನ್ನು ಡಿ ಸ್ವರಕ್ಕೆ ಇಳಿಸುವ ಡ್ರಾಪ್ ಡಿ ಶ್ರುತಿಯಲ್ಲಿ ಅದು 73.4ಕ್ಕೂ, ಡ್ರಾಪ್ ಸಿಯಲ್ಲಿ 65.4ಕ್ಕೂ, ಏಳು ತಂತಿಗಳ ಗಿಟಾರಿನಲ್ಲಿ 61.7ಕ್ಕೂ ಇಳಿಯುತ್ತದೆ. ಹೀಗೆ ಇಳಿಯುತ್ತಾ ಹೋದಂತೆ ಗಿಟಾರು ಬೇಸ್ ಮತ್ತು ಕಿಕ್ ವಾಸಿಸುವ ಜಾಗಕ್ಕೆ ನುಗ್ಗುತ್ತದೆ, ತಂತಿಯೂ ಸಡಿಲವಾಗುತ್ತದೆ. ಸಡಿಲ ತಂತಿಯನ್ನು ಜೋರಾಗಿ ಹೊಡೆದರೆ ಹೊಡೆತದ ಕ್ಷಣದಲ್ಲಿ ಸ್ವರ ಮೇಲಕ್ಕೆ ಎಳೆದುಕೊಂಡು ಆಮೇಲೆ ಕೆಳಗಿಳಿಯುತ್ತದೆ. ಎರಡು ಗಿಟಾರುಗಳಲ್ಲಿ ಇದು ಬೇರೆ ಬೇರೆ ಪ್ರಮಾಣದಲ್ಲಿ ನಡೆದಾಗ ಇಡೀ ಹಾಡು ಅಪಸ್ವರವಾಗಿ ಕೇಳಿಸುತ್ತದೆ. ಕಾರಣ ಏನೆಂದು ಹೊಸಬರಿಗೆ ಹೊಳೆಯುವುದೇ ಇಲ್ಲ. ಹಾಗಾಗಿ 10–46 ಅಳತೆಯ (ಅತಿ ತೆಳು ಮತ್ತು ಅತಿ ದಪ್ಪ ತಂತಿಗಳ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ತಂತಿಗಳು ಸಾಮಾನ್ಯ ಶ್ರುತಿಗೆ ಸರಿಯೆನಿಸಿದರೆ, ಡ್ರಾಪ್ ಸಿ ಶ್ರುತಿಗೆ 11–54 ಅಥವಾ ಅದಕ್ಕಿಂತ ದಪ್ಪ ತಂತಿಗಳನ್ನು ಹಾಕಿಕೊಳ್ಳಬೇಕು. ತಂತಿ ಬದಲಿಸಿದ ಮೇಲೆ ಬ್ರಿಡ್ಜಿನಲ್ಲಿ ಇಂಟೊನೇಷನ್ ಸರಿಪಡಿಸಿ: ಖಾಲಿ ತಂತಿಯ ಸ್ವರವೂ ಹನ್ನೆರಡನೇ ಫ್ರೆಟ್ಟಿನ ಸ್ವರವೂ ನಿಖರವಾಗಿ ಒಂದು ಸ್ಥಾಯಿಯ ಅಂತರದಲ್ಲಿರಬೇಕು. ಮುದ್ರಣದ ದಿನ ಪ್ರತಿ ಟೇಕಿಗೂ, ಅಂದರೆ ಪ್ರತಿ ಸಲ ನುಡಿಸಿ ಮುದ್ರಿಸುವುದಕ್ಕೂ, ಮುಂಚೆ ಶ್ರುತಿ ನೋಡಿ, ಅದನ್ನೂ ನೀವು ಹಾಡಿನಲ್ಲಿ ಹೊಡೆಯುವಷ್ಟೇ ಜೋರಾಗಿ ಹೊಡೆದು ನೋಡಿ.

ಡ್ರಮ್‌ಗಳು: ಇಲ್ಲದ ವಾದಕನನ್ನು ಕಲ್ಪಿಸಿಕೊಳ್ಳುವುದು

ಮನೆಯಲ್ಲಿ ಡ್ರಮ್ ನುಡಿಸಿ ಮುದ್ರಿಸಲು ಸಾಧ್ಯವಿಲ್ಲದವರು ಹೊಡೆತಗಳನ್ನು ಕಂಪ್ಯೂಟರಿನಲ್ಲಿ ಬರೆದು ಪ್ರೋಗ್ರಾಮ್ ಮಾಡಬೇಕಾಗುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅಸಾಧಾರಣ ಡ್ರಮ್ ವಾದಕನನ್ನು ಹೊಂದಿದ್ದ ಮೆಶುಗ್ಗಾ ತಂಡವೇ 2005ರ ತನ್ನ ಆಲ್ಬಮ್ಮಿಗೆ ಪ್ರೋಗ್ರಾಮ್ ಮಾಡಿದ ಡ್ರಮ್‌ಗಳನ್ನು ಬಳಸಿತು. ಆದರೆ ಪ್ರೋಗ್ರಾಮ್ ಮಾಡುವವರ ಮನಸ್ಸಿನಲ್ಲಿ ಎರಡು ಕೈ, ಎರಡು ಕಾಲುಗಳ ಒಬ್ಬ ಮನುಷ್ಯ ಸದಾ ಕುಳಿತಿರಬೇಕು. ಹೈ-ಹ್ಯಾಟ್, ಸ್ನೇರ್ ಮತ್ತು ಕ್ರ್ಯಾಶ್ ಮೂರನ್ನೂ ಒಂದೇ ಕ್ಷಣಕ್ಕೆ ಕೋಲಿನಿಂದ ಹೊಡೆಯಲು ಅವನಿಗೆ ಮೂರನೆಯ ಕೈ ಬೇಕಾಗುತ್ತದೆ. ಟಾಮ್‌ಗಳ ಮೇಲೆ ವೇಗವಾಗಿ ಓಡುವಾಗ ಸಿಂಬಲ್ ನುಡಿಯುತ್ತಲೇ ಇರಲು ಸಾಧ್ಯವಿಲ್ಲ. ನಿಮಿಷಕ್ಕೆ 180 ಬೀಟ್‌ಗಳ ಗತಿಯಲ್ಲಿ, ಎರಡೂ ಕಾಲುಗಳಿಂದ ನುಡಿಸುವ ಡಬಲ್ ಕಿಕ್ ಹದಿನಾರನೇ ಸ್ವರಗಳಲ್ಲಿ (ಬೀಟಿಗೆ ನಾಲ್ಕರಂತೆ) ಓಡಿದರೆ ಸೆಕೆಂಡಿಗೆ 12 ಹೊಡೆತಗಳಾಗುತ್ತವೆ; ಇದನ್ನು ನುಡಿಸುವವರಿದ್ದಾರೆ, ಆದರೆ ಅವರೂ ಪ್ರತಿ ಹೊಡೆತವನ್ನು ಪೂರ್ಣ ಬಲದಿಂದ ಹೊಡೆಯುವುದಿಲ್ಲ.

ಸ್ವರಗಳನ್ನು ಅಂಕಿಗಳಾಗಿ ದಾಖಲಿಸುವ ಮಿಡಿಯಲ್ಲಿ ಹೊಡೆತದ ಬಲವನ್ನು 1ರಿಂದ 127ರವರೆಗಿನ ವೆಲಾಸಿಟಿ ಅಂಕಿಯಲ್ಲಿ ಬರೆಯಲಾಗುತ್ತದೆ. ಎಲ್ಲವನ್ನೂ 127ಕ್ಕೆ ಇಟ್ಟರೆ ಕಿವಿಗೆ ಬೀಳುವುದು ಹೊಲಿಗೆಯಂತ್ರದ ಸದ್ದು. ನಿಧಾನ ಭಾಗಗಳಲ್ಲಿ ಮುಖ್ಯ ಸ್ನೇರ್ ಹೊಡೆತ 120ರ ಸಮೀಪವಿರಲಿ. ಸ್ನೇರ್ ಮತ್ತು ಕಿಕ್ ಅತಿವೇಗದಲ್ಲಿ ಓಡುವ ಬ್ಲಾಸ್ಟ್ ಬೀಟಿನಲ್ಲಿ 95ರಿಂದ 110ರ ನಡುವೆ ಆಡಲಿ, ಏಕೆಂದರೆ ವೇಗ ಹೆಚ್ಚಿದಂತೆ ಕೋಲು ಮೇಲೇಳುವ ಎತ್ತರ ಕಡಿಮೆಯಾಗುತ್ತದೆ. ಹೈ-ಹ್ಯಾಟ್‌ನಲ್ಲಿ ಬೀಟಿನ ಮೇಲಿನ ಹೊಡೆತ ತುಸು ಗಟ್ಟಿ, ನಡುವಿನದು ತುಸು ಮೆದು. ಕಾಲದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ: ಕಿಕ್ಕನ್ನು ಗ್ರಿಡ್‌ನಿಂದ (ತಂತ್ರಾಂಶ ತೋರಿಸುವ ಕಾಲದ ಗೆರೆಗಳಿಂದ) ಯಾದೃಚ್ಛಿಕವಾಗಿ ಅಲುಗಿಸಿ ಮಾನವ ಸ್ಪರ್ಶ ಕೊಡಬಹುದೆಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಆದರೆ ವೇಗದ ಮೆಟಲ್‌ಗೆ ಅದು ಹಾನಿಯನ್ನೇ ಮಾಡುತ್ತದೆ. ಕಿಕ್ ಗ್ರಿಡ್ಡಿನ ಮೇಲೇ ನಿಲ್ಲಲಿ, ಜೀವಂತಿಕೆಯನ್ನು ವೆಲಾಸಿಟಿಯಿಂದಲೂ, ಪ್ರತಿ ನಾಲ್ಕನೆಯ ಅಥವಾ ಎಂಟನೆಯ ಆವೃತ್ತಿಗೆ (ತಾಳದ ಸುತ್ತಿಗೆ) ಹಾಕುವ ಸಣ್ಣ ಬದಲಾವಣೆಗಳಿಂದಲೂ ತನ್ನಿ. ಗತಿಯನ್ನೇ ಭಾಗದಿಂದ ಭಾಗಕ್ಕೆ ಎರಡು ಮೂರು ಬೀಟ್ ಏರಿಳಿಸುವುದು ಇನ್ನೂ ಒಳ್ಳೆಯದು. ನಿಜವಾದ ತಂಡವೂ ಕೋರಸ್ ಬಂದಾಗ ತುಸು ಮುಂದೆ ವಾಲುತ್ತದೆ.

ಗಿಟಾರ್ ಮುದ್ರಣ

ಇಡೀ ಕೆಲಸದ ಹೃದಯ ಇಲ್ಲಿದೆ, ಆದ್ದರಿಂದ ಹೆಚ್ಚಿನ ದಿನಗಳನ್ನು ಇದಕ್ಕೇ ಮೀಸಲಿಡಿ.

ಗಿಟಾರಿನ ಶುದ್ಧ ಸಿಗ್ನಲನ್ನು, ಅಂದರೆ ಡಿಐ ಅನ್ನು, ಯಾವ ಪರಿಣಾಮವೂ ಇಲ್ಲದೆ ಮುದ್ರಿಸಿಕೊಳ್ಳಿ. ಆಂಪ್ ಪ್ಲಗಿನ್ ಅದರ ಮೇಲೆ ಕೂತಿರಲಿ. ಹೀಗಿದ್ದರೆ ಟೋನ್ ಇಷ್ಟವಾಗದಿದ್ದಾಗ ಮತ್ತೆ ನುಡಿಸಬೇಕಾಗುವುದಿಲ್ಲ. ಅನಂತರ ಒಂದೇ ರಿಫ್ಫನ್ನು ಎರಡು ಸಲ ಪ್ರತ್ಯೇಕವಾಗಿ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೂ ಇನ್ನೊಂದನ್ನು ಪೂರ್ತಿ ಬಲಕ್ಕೂ ಸರಿಸಬೇಕು. ಒಂದೇ ಟೇಕನ್ನು ನಕಲು ಮಾಡಿ ಎರಡೂ ಕಡೆ ಇಟ್ಟರೆ ಅಗಲ ಬರುವುದಿಲ್ಲ, ಎರಡೂ ಒಂದೇ ಆಗಿರುವುದರಿಂದ ಸದ್ದು ನಡುವಿನಲ್ಲೇ ಕೂರುತ್ತದೆ. ನಕಲನ್ನು ಕೆಲವು ಮಿಲಿಸೆಕೆಂಡ್ ತಡ ಮಾಡಿದರೆ ಅಗಲವೇನೋ ಬರುತ್ತದೆ, ಆದರೆ ಒಂದೇ ಸ್ಪೀಕರಿನ ಫೋನಿನಲ್ಲಿ ಕೇಳಿದಾಗ ಎರಡೂ ಒಂದನ್ನೊಂದು ಕಡಿದುಹಾಕಿ ಸದ್ದು ಟೊಳ್ಳಾಗುತ್ತದೆ. ಎರಡು ನಿಜವಾದ ಟೇಕುಗಳ ನಡುವಿನ ಸೂಕ್ಷ್ಮ ವ್ಯತ್ಯಾಸವೇ ಮೆಟಲ್ ಗಿಟಾರಿನ ಅಗಲ.

ಗೇನ್ ಎಷ್ಟಿರಬೇಕು? ಅಭ್ಯಾಸಕ್ಕೆ ಹಿತವೆನಿಸುವಷ್ಟಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಎರಡು ಟೇಕುಗಳು ಸೇರಿದಾಗ ಡಿಸ್ಟಾರ್ಷನ್ ತಾನಾಗಿಯೇ ದಟ್ಟವಾಗುತ್ತದೆ, ಪಿಕ್ ತಂತಿಗೆ ತಾಗುವ ಸದ್ದು ಉಳಿದಷ್ಟೂ ರಿಫ್ ಸ್ಪಷ್ಟವಾಗುತ್ತದೆ. ಗೇನ್ ಇಳಿಸಿದಾಗ ಕೈಯ ದೋಷಗಳೆಲ್ಲ ಬಯಲಾಗುತ್ತವೆ. ಅದಕ್ಕೇ ಇದು ಮೊದಮೊದಲು ಯಾರಿಗೂ ಹಿಡಿಸುವುದಿಲ್ಲ. ಆಂಪ್‌ಗೆ ಮುಂಚೆ ಐಬನೇಜ್ ಟ್ಯೂಬ್ ಸ್ಕ್ರೀಮರ್ ಮಾದರಿಯ ಪೆಡಲನ್ನು ಡ್ರೈವ್ ಸೊನ್ನೆಗೆ, ಲೆವೆಲ್ ಪೂರ್ತಿಗೆ ಇಟ್ಟು ಬಳಸುವುದು ಹಳೆಯ ಮತ್ತು ಇಂದಿಗೂ ಸೋಲದ ಉಪಾಯ. ಅದು ಕೆಳಗಿನ ಸದ್ದನ್ನು ಆಂಪ್ ತಲುಪುವ ಮೊದಲೇ ಕತ್ತರಿಸುವುದರಿಂದ ಪಾಮ್ ಮ್ಯೂಟ್‌ಗಳು (ಅಂಗೈಯ ಅಂಚಿನಿಂದ ತಂತಿಯನ್ನು ಅದುಮಿ ನುಡಿಸುವ ಸ್ವರಗಳು) ಗಂಟಲು ಕಟ್ಟಿದಂತಾಗದೆ ಬಿಗಿಯಾಗಿ ಬೀಳುತ್ತವೆ. ಸ್ವೀಡಿಷ್ ಡೆತ್ ಮೆಟಲ್‌ನ ಗರಗಸದ ಸದ್ದು ಬೇಕಾದವರಿಗೆ ದಾರಿಯೇ ಬೇರೆ: 1983ರಲ್ಲಿ ಬಂದ ಬಾಸ್ ಎಚ್‌ಎಂ-2 ಪೆಡಲಿನ ಎಲ್ಲ ಗುಂಡಿಗಳನ್ನೂ ಕೊನೆಯವರೆಗೆ ತಿರುಗಿಸಿದಾಗ ಹುಟ್ಟಿದ ಸದ್ದು ಅದು, ಅದರ ಅನುಕರಣೆಗಳು ಪ್ಲಗಿನ್ ರೂಪದಲ್ಲೂ ಸಿಗುತ್ತವೆ. ಮಿತವಾದ ಗೇನ್ ಬೇಕೆಂಬ ನನ್ನ ಮಾತಿಗೆ ನಾನು ಮನಸಾರೆ ಒಪ್ಪುವ ಅಪವಾದ ಇದೊಂದೇ.

ಟೇಕುಗಳನ್ನು ರಿಫ್ ರಿಫ್ಫಾಗಿ, ಅಗತ್ಯವಿದ್ದರೆ ಎರಡೆರಡು ಆವೃತ್ತಿಗಳಾಗಿ ಮುದ್ರಿಸಿ. ಸ್ವರ ಆರಂಭವಾಗುವ ಕ್ಷಣಕ್ಕೆ ಕೊಡುವ ಗಮನವನ್ನೇ ಅದು ಮುಗಿಯುವ ಕ್ಷಣಕ್ಕೂ ಕೊಡಿ. ರಿಫ್ ಥಟ್ಟನೆ ನಿಲ್ಲುವ ಕಡೆ ಎಡ ಬಲದ ಗಿಟಾರ್‌ಗಳು, ಬೇಸ್, ಕಿಕ್ ಎಲ್ಲವೂ ಒಟ್ಟಿಗೆ ನಿಂತು ಅಲ್ಲಿ ಪೂರ್ಣ ಮೌನ ಉಂಟಾಗಬೇಕು. ಗೊರಗುಟ್ಟುವ ಸದ್ದನ್ನು ನಾಯ್ಸ್ ಗೇಟ್ ಮುಚ್ಚುತ್ತದೆ. ಆದರೂ ಉಳಿದ ತಂತಿಗಳನ್ನು ಕೈಯಿಂದಲೇ ಅದುಮಿ ಹಿಡಿಯುವುದನ್ನು ಕಲಿಯಿರಿ, ಗೇಟ್‌ಗೆ ಸಂಗೀತದ ಅರ್ಥ ತಿಳಿಯುವುದಿಲ್ಲ.

ಬೇಸ್ ಗಿಟಾರನ್ನು ಕಡೆಗಣಿಸಬೇಡಿ, ಏಕೆಂದರೆ ಕೇಳುಗರು ಗಿಟಾರಿನದೆಂದು ತಿಳಿಯುವ ಭಾರದ ದೊಡ್ಡ ಪಾಲು ಬೇಸಿನದೇ ಆಗಿರುತ್ತದೆ. ಅದರ ಡಿಐ ಅನ್ನು ಎರಡು ಟ್ರ್ಯಾಕುಗಳಾಗಿ ಒಡೆದು, ಒಂದರಲ್ಲಿ ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ ಉಳಿಸಿ ಕಂಪ್ರೆಸರಿನಿಂದ ಸಮತಟ್ಟು ಮಾಡಿ. ಇನ್ನೊಂದರಲ್ಲಿ ಮೇಲಿನದನ್ನು ಉಳಿಸಿ ಡಿಸ್ಟಾರ್ಷನ್ ಹಾಕಿ. ಕೆಳಭಾಗ ಅಲುಗದೆ ನಿಲ್ಲುತ್ತದೆ, ಮೇಲ್ಭಾಗ ಗಿಟಾರುಗಳ ನಡುವೆ ಗರ್ಜಿಸುತ್ತದೆ.

ಗಾಯನ

ಮೆಟಲ್‌ನ ಗುರುಗುಟ್ಟುವ ಗ್ರೋಲ್ ಮತ್ತು ಕಿರುಚುವ ಸ್ಕ್ರೀಮ್‌ಗಳು ಗಂಟಲನ್ನು ಹರಿದುಕೊಂಡು ಮಾಡುವ ಕೂಗಾಟವಲ್ಲ. ಧ್ವನಿತಂತುಗಳ ಮೇಲ್ಗಡೆ ಇರುವ, ಫಾಲ್ಸ್ ಕಾರ್ಡ್ ಎಂದು ಕರೆಯುವ ಮಡಿಕೆಗಳ ಕಂಪನದಿಂದ ಗ್ರೋಲ್ ಹುಟ್ಟುತ್ತದೆ. ಅದಕ್ಕೆ ಬೇಕಾದದ್ದು ಹೊಟ್ಟೆಯಿಂದ ಬರುವ ಸ್ಥಿರವಾದ ಉಸಿರು, ಜೋರಲ್ಲ. ನಿಟ್ಟುಸಿರಿನಷ್ಟು ಮೆಲ್ಲನೆ ಆರಂಭಿಸಿ, ದಿನಕ್ಕೆ ಇಪ್ಪತ್ತು ನಿಮಿಷ ಮೀರದಂತೆ ಅಭ್ಯಾಸ ಮಾಡಿ, ನೀರು ಕುಡಿಯುತ್ತಿರಿ. ನೋವು ಬಂದ ಕ್ಷಣವೇ ನಿಲ್ಲಿಸಬೇಕು. ಧ್ವನಿ ಒಡೆದು ಎರಡು ಮೂರು ವಾರ ಕಳೆದರೂ ಸರಿಹೋಗದಿದ್ದರೆ ಗಂಟಲ ವೈದ್ಯರನ್ನು ಕಾಣಲೇಬೇಕು. ಈ ವಿಷಯದಲ್ಲಿ ಧೈರ್ಯ ತೋರಿಸುವುದರಿಂದ ಸಾಧಿಸುವುದೇನೂ ಇಲ್ಲ.

ಮುದ್ರಣಕ್ಕೆ ಬಟ್ಟೆಗಳು ತುಂಬಿದ ಕಪಾಟಿನ ಬಾಗಿಲು ತೆರೆದು, ಅದರ ಕಡೆಗೆ ಮುಖ ಮಾಡಿ ನಿಲ್ಲಿ. ಬೆನ್ನ ಹಿಂದೆ ದಪ್ಪನೆಯ ಕಂಬಳಿ ತೂಗುಹಾಕಿದರೆ ಕೋಣೆಯ ಪ್ರತಿಧ್ವನಿ ಬಹಳಷ್ಟು ಅಡಗುತ್ತದೆ. ಶೂರ್ ಎಸ್‌ಎಂ58ನಂತಹ ಡೈನಾಮಿಕ್ ಮೈಕು ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಆದರೆ ಕಂಬಳಿಯಿಂದ ಸದ್ದು ಹೊರಹೋಗುವುದು ನಿಲ್ಲುವುದಿಲ್ಲ, ಆದ್ದರಿಂದ ಅಕ್ಕಪಕ್ಕದವರಿಗೆ ಮೊದಲೇ ಒಂದು ಮಾತು ಹೇಳಿಡುವುದು ಒಳ್ಳೆಯದು. ಸಾಹಿತ್ಯವನ್ನು ನಿಮ್ಮದೇ ಭಾಷೆಯಲ್ಲಿ ಬರೆಯಲು ಹಿಂಜರಿಯಬೇಡಿ. ಕನ್ನಡದ ಒತ್ತಕ್ಷರಗಳು, ಮಹಾಪ್ರಾಣಗಳು, ಪದದ ಮೊದಲಿಗೇ ಬೀಳುವ ಒತ್ತು ಇವೆಲ್ಲ ಗ್ರೋಲಿನಲ್ಲಿ ಅದ್ಭುತವಾಗಿ ಮೊಳಗುತ್ತವೆ. 'ಕ್ರೌರ್ಯ', 'ಬೆಂಕಿ', 'ಕಗ್ಗತ್ತಲು' ಎಂಬ ಪದಗಳನ್ನು ಒಮ್ಮೆ ಆ ಧ್ವನಿಯಲ್ಲಿ ಹೇಳಿ ನೋಡಿದರೆ ನನ್ನ ಮಾತು ಮನವರಿಕೆಯಾಗುತ್ತದೆ.

ಮಿಕ್ಸಿಂಗ್ ಮತ್ತು ಮಾಸ್ಟರಿಂಗ್

ನಿಮಗೆ ಇಷ್ಟವಾದ, ನಿಮ್ಮ ಶೈಲಿಗೆ ಹತ್ತಿರವಾದ ಒಂದು ಹಾಡನ್ನು ಯೋಜನೆಯೊಳಗೇ ತಂದಿಟ್ಟುಕೊಂಡು, ಅದರ ಜೋರನ್ನು ನಿಮ್ಮ ಮಿಕ್ಸಿನ ಮಟ್ಟಕ್ಕೆ ಇಳಿಸಿ, ಆಗಾಗ ಹೋಲಿಸಿ ಕೇಳಿ. ಕಿವಿ ಅರ್ಧ ಗಂಟೆಯೊಳಗೆ ಎಂಥ ಕೆಟ್ಟ ಸದ್ದಿಗೂ ಒಗ್ಗಿಹೋಗುತ್ತದೆ, ಹೋಲಿಕೆಯೊಂದೇ ಅದನ್ನು ಎಚ್ಚರಿಸುತ್ತದೆ. ಗಿಟಾರುಗಳಿಂದ 80ರಿಂದ 100 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದು ಬೇಸಿಗೆ ಜಾಗ ಬಿಡಿ. 8 ಕಿಲೋಹರ್ಟ್ಸ್‌ಗಿಂತ ಮೇಲಿನ ಚುರುಗುಟ್ಟುವ ಸದ್ದನ್ನೂ ಇಳಿಸಿ. ಮಧ್ಯಭಾಗವನ್ನು ಮಾತ್ರ ಕೆರೆದು ಹಾಕಬೇಡಿ: ಒಬ್ಬರೇ ನುಡಿಸುವಾಗ ಮಧ್ಯವಿಲ್ಲದ ಟೋನ್ ಭವ್ಯವೆನಿಸುತ್ತದೆ, ಆದರೆ ಗಿಟಾರ್ ಎಂಬ ವಾದ್ಯ ಬದುಕಿರುವುದೇ 500ರಿಂದ 2000 ಹರ್ಟ್ಸ್‌ಗಳ ನಡುವೆ. ಕಿಕ್ಕಿಗೆ 60 ಹರ್ಟ್ಸ್ ಸುತ್ತ ದೇಹವೂ, 4 ಕಿಲೋಹರ್ಟ್ಸ್ ಸುತ್ತ ಟಿಕ್ಕೆನ್ನುವ ಅಂಚೂ ಬೇಕು. ಆ ಅಂಚಿಲ್ಲದೆ ಡಬಲ್ ಕಿಕ್ ಬರೀ ಗುಡುಗಾಗುತ್ತದೆ. ಪಾಮ್ ಮ್ಯೂಟ್ ಮಾಡಿದಾಗ 100ರಿಂದ 250 ಹರ್ಟ್ಸ್‌ಗಳ ನಡುವೆ ಉಬ್ಬುವ ಸದ್ದನ್ನು ಮಲ್ಟಿಬ್ಯಾಂಡ್ ಕಂಪ್ರೆಸರ್ ಉಬ್ಬಿದಾಗ ಮಾತ್ರ ಅದುಮುವಂತೆ ಹೊಂದಿಸಿ.

ಬಿಡುಗಡೆಗೆ ಮುನ್ನ ಮಿಕ್ಸಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗಿನಲ್ಲಿ ಜೋರಿನ ಪೈಪೋಟಿಗೆ ಇಳಿಯುವ ಮೊದಲು ಒಂದು ವಿಷಯ ತಿಳಿದಿರಲಿ. ಸ್ಪಾಟಿಫೈ ತನ್ನ ಸಾಮಾನ್ಯ ಸೆಟ್ಟಿಂಗಿನಲ್ಲಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಜೋರಿನ ಅಳತೆ) ಮಟ್ಟಕ್ಕೆ ತಂದು ಕೇಳಿಸುತ್ತದೆ. ಅದಕ್ಕಿಂತ ಜೋರಾಗಿ ಮಾಡಿದ್ದನ್ನು ಅದೇ ಇಳಿಸಿಬಿಡುತ್ತದೆ. ಮೆಟಲ್ ಆಲ್ಬಮ್ಮುಗಳು ಇದಕ್ಕಿಂತ ಬಹಳ ಜೋರಾಗಿಯೇ ಬರುತ್ತವೆ, ಅದು ಶೈಲಿಯ ಭಾಗವೂ ಹೌದು. ಆದರೂ ಸದ್ದಿನ ಶಿಖರಗಳನ್ನು ಅದುಮುವ ಲಿಮಿಟರ್ ಸ್ನೇರ್ ಹೊಡೆತವನ್ನು ಚಪ್ಪಟೆ ಮಾಡಲು ಆರಂಭಿಸಿದ ಕಡೆ ನಿಲ್ಲಿಸಿ, ಗರಿಷ್ಠ ಟ್ರೂ ಪೀಕ್ (ಸದ್ದಿನ ನಿಜವಾದ ಶಿಖರ) ಮೈನಸ್ 1 ಡೆಸಿಬೆಲ್‌ನಲ್ಲಿರಲಿ. ಸಾಧ್ಯವಿದ್ದರೆ ಒಂದು ವಾರ ಹಾಡನ್ನು ಕೇಳದೆ ಬಿಟ್ಟು ಆಮೇಲೆ ಮಾಸ್ಟರ್ ಮಾಡಿ.

ಬಿಡುಗಡೆ

2008ರಲ್ಲಿ ಆರಂಭವಾದ, ಸಂಗೀತ ಮಾರಾಟದ ಜಾಲತಾಣ ಬ್ಯಾಂಡ್‌ಕ್ಯಾಂಪ್ ಸ್ವತಂತ್ರ ಮೆಟಲ್‌ಗೆ ಇಂದಿಗೂ ಒಳ್ಳೆಯ ನೆಲೆ. ಅಲ್ಲಿ ಪ್ರಕಾರಗಳ ಹೆಸರು ಹಿಡಿದು ಹೊಸ ಸಂಗೀತ ಹುಡುಕುವ ಕೇಳುಗರಿದ್ದಾರೆ, ಡಿಜಿಟಲ್ ಮಾರಾಟದ ಮೇಲೆ ಅದು ಇಟ್ಟುಕೊಳ್ಳುವ ಪಾಲು 15 ಶೇಕಡಾದಿಂದ ಶುರುವಾಗುತ್ತದೆ. ಸ್ಟ್ರೀಮಿಂಗ್ ಸೇವೆಗಳಿಗೆ ಹಾಡು ತಲುಪಿಸಲು ಒಬ್ಬ ವಿತರಕ ಬೇಕು. ಪ್ರತಿ ಧ್ವನಿಮುದ್ರಣವನ್ನೂ ಗುರುತಿಸುವ, 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಕೇತವನ್ನು ಹೆಚ್ಚಿನ ವಿತರಕರೇ ಕೊಡುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ, ವಿತರಕರನ್ನು ಬದಲಿಸುವಾಗ ಅದೇ ಸಂಕೇತವನ್ನು ಮುಂದುವರಿಸಬೇಕಾಗುತ್ತದೆ. ಬಿಡುಗಡೆಯ ದಿನಕ್ಕೆ ಕನಿಷ್ಠ ನಾಲ್ಕು ವಾರ ಮೊದಲೇ ಕಡತಗಳನ್ನು ಸಲ್ಲಿಸಿ. ಮುಖಪುಟದ ಚಿತ್ರ 3000 ಪಿಕ್ಸೆಲ್ ಉದ್ದ, ಅಷ್ಟೇ ಅಗಲ ಇರಲಿ. ಬೇರೆ ಕಲಾವಿದರು ಬರೆದ ಚಿತ್ರವಾದರೆ ಅದನ್ನು ಎಲ್ಲೆಲ್ಲಿ ಬಳಸಬಹುದು, ಅಂಗಿಯ ಮೇಲೂ ಮುದ್ರಿಸಬಹುದೇ ಎಂಬುದನ್ನು ಬರಹದಲ್ಲಿ ಪಡೆದುಕೊಂಡು, ಅವರ ಹೆಸರನ್ನು ಮರೆಯದೆ ಹಾಕಿ.

ಕೊನೆಯದಾಗಿ, ಯೋಜನೆಯ ಕಡತವನ್ನು ಮುಚ್ಚುವ ಮುನ್ನ ಪ್ರತಿ ಟ್ರ್ಯಾಕನ್ನೂ ಹಾಡಿನ ಸೊನ್ನೆಯ ಕ್ಷಣದಿಂದ ಆರಂಭವಾಗುವ ವೇವ್ ಕಡತವಾಗಿ ಹೊರತೆಗೆದು, ಶುದ್ಧ ಡಿಐಗಳು, ಡ್ರಮ್‌ಗಳ ಮಿಡಿ ಮತ್ತು ಗತಿಯ ನಕ್ಷೆಯೊಂದಿಗೆ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಿ. ಪ್ಲಗಿನ್‌ಗಳು ಕಾಲಾಂತರದಲ್ಲಿ ತೆರೆದುಕೊಳ್ಳದೆ ಹೋಗುತ್ತವೆ, ಆದರೆ ವೇವ್ ಕಡತವನ್ನು ಯಾವ ತಂತ್ರಾಂಶವಾದರೂ ಓದುತ್ತದೆ. ನನ್ನ ಮೊದಲ ಇಪಿಯ ಗಿಟಾರ್‌ಗಳನ್ನು ವರ್ಷಗಳ ನಂತರ ಹೊಸ ಟೋನ್‌ನಲ್ಲಿ ಮತ್ತೆ ಮಿಕ್ಸ್ ಮಾಡಲು ಸಾಧ್ಯವಾದದ್ದು, ಡಿಐಗಳ ಆ ಒಂದು ಫೋಲ್ಡರ್ ಉಳಿದುಕೊಂಡಿದ್ದರಿಂದ.